ಕಿಟಕಿಯ ಮರೆಯಲ್ಲಿ ಒಂದು ತಾಯ್ತನ



ಕನ್ನಡದಲ್ಲಿ ‘ಪೊರೆ’ ಎಂಬುದೊಂದು ಶಬ್ದವುಂಟು. ಮುಪ್ಪಿನಲ್ಲಿ ಕಣ್ಣಿಗೆ ಕವಿಯುವುದು ಪೊರೆ. ಹಾವು ಕಳಚಿಡುವುದು ಪೊರೆ. ತಾಯಿ ಮಗುವನ್ನು ಸಲಹುವುದೂ ಪೊರೆಯುವುದೇ. ಮಠದ ಪಾಠಶಾಲೆಯಲ್ಲಿ ನಿಘಂಟು ಒಪ್ಪಿಸುತ್ತಿದ್ದ ದಿನಗಳಿಂದಲೂ ಈ ಮೂರು ಅರ್ಥಗಳು ನಮಗೆ ಪರಿಚಿತ. ಆದರೆ ಮೂರನ್ನೂ ಒಂದೇ ತಿಂಗಳಿನಲ್ಲಿ, ಒಂದೇ ಮನೆಯ ಜಗಲಿಯಲ್ಲಿ ಕಾಣುವ ಯೋಗ ಒದಗಿದ್ದು ೨೦೨೫ನೆಯ ಇಸವಿಯ ಅಕ್ಟೋಬರ್ ಮಾಸದಲ್ಲಿ, ಮಂಗಳೂರಿನ ಪಡೀಲಿನಲ್ಲಿ.

ಕಣ್ಣಿನ ಪೊರೆ ತೆಗೆಸಿಕೊಳ್ಳಲೆಂದು ನಾವು ಮಂಗಳೂರಿಗೆ ಹೋಗಿದ್ದೆವು. ಒಂದು ಕಣ್ಣಿನ ಶಸ್ತ್ರಚಿಕಿತ್ಸೆಯಾದ ಬಳಿಕ ಇನ್ನೊಂದಕ್ಕೆ ತಿಂಗಳ ಕಾಲ ಕಾಯಬೇಕೆಂದು ವೈದ್ಯರು ವಿಧಿಸಿದರು. ಹಾವೇರಿಯ ಕಡೆಯಿಂದ ಬಂದು ಪಡೀಲಿನಲ್ಲಿ ನೆಲೆಸಿರುವ ನಮ್ಮ ಹಳೆಯ ಶಿಷ್ಯರೊಬ್ಬರು ಆ ತಿಂಗಳನ್ನು ತಮ್ಮ ಮನೆಯಲ್ಲಿಯೇ ಕಳೆಯಬೇಕೆಂದು ಆಗ್ರಹ ಮಾಡಿದರು. ಪಡೀಲು ಈಗ ನಗರದ ದೊಡ್ಡ ಕೂಡುದಾರಿ. ತುಮಕೂರಿನ ಕಡೆಯಿಂದ ಘಟ್ಟವಿಳಿದು ಬರುವ ೭೩ನೆಯ ರಾಷ್ಟ್ರೀಯ ಹೆದ್ದಾರಿ ಹಾದುಹೋಗುವುದು ಇಲ್ಲಿಯೇ. ರೈಲುಹಳಿಯೂ ಬಳಿಯಲ್ಲಿಯೇ ಇದೆ. ಜಿಲ್ಲಾಧಿಕಾರಿಗಳ ನೂತನ ಕಚೇರಿ ಸಂಕೀರ್ಣವೂ ೨೦೨೫ರ ಮೇ ತಿಂಗಳಿನಲ್ಲಿ ಇಲ್ಲಿಯೇ ಉದ್ಘಾಟನೆಯಾಯಿತು. ಇಷ್ಟೆಲ್ಲ ಸದ್ದುಗದ್ದಲದ ನಡುವೆಯೂ ಒಳ ಓಣಿಗಳಲ್ಲಿ ಮುರಕಲ್ಲಿನ ಗೋಡೆ, ಹೆಂಚಿನ ಮಾಡು, ಹಿತ್ತಿಲಲ್ಲಿ ಹಲಸು ಮಾವುಗಳುಳ್ಳ ಹಳೆಯ ಮನೆಗಳು ಉಳಿದುಕೊಂಡಿವೆ. ಶಿಷ್ಯರ ಬಾಡಿಗೆಯ ಮನೆ ಅಂತಹದು.

ಆ ಮನೆಯಲ್ಲಿ ಶಿಷ್ಯರ ವೃದ್ಧ ಮಾತೆ, ಪತ್ನಿ, ನಾಲ್ಕನೆಯ ತರಗತಿಯಲ್ಲಿ ಓದುವ ಮಗಳು ಮತ್ತು ಇನ್ನೂ ಆರು ತಿಂಗಳು ತುಂಬದ ಗಂಡುಕೂಸು ಇದ್ದರು. ಶಿಷ್ಯರ ಪತ್ನಿ ಶುಶ್ರೂಷಕಿಯ ಉದ್ಯೋಗದಲ್ಲಿದ್ದವರು. ಹೆರಿಗೆಯ ರಜೆಯಲ್ಲಿ ಮನೆಯಲ್ಲಿದ್ದರು. ನಮಗೆ ಕೆಲದಿನ ಗ್ರಂಥಾವಲೋಕನ ನಿಷಿದ್ಧವಾಗಿತ್ತು. ಐವತ್ತು ವರ್ಷಗಳಿಂದ ಪುಸ್ತಕವಿಲ್ಲದೆ ದಿನ ಕಳೆದವರಲ್ಲದ ನಾವು ಜಗಲಿಯ ಆರಾಮಕುರ್ಚಿಯಲ್ಲಿ ಕುಳಿತು ಗೋಡೆಯನ್ನು ನೋಡುವುದಲ್ಲದೆ ಮಾಡಲು ಬೇರೆ ಕಾರ್ಯವಿರಲಿಲ್ಲ.

ಬಲೆ ನೇಯದ ನೇಕಾರ

ಅಕ್ಟೋಬರ್ ೩, ವಿಜಯದಶಮಿಯ ಮರುದಿನ. ಬೆಳಗಿನ ಪೂಜೆ ಮುಗಿಸಿ ಕುಳಿತಿದ್ದಾಗ ಜಗಲಿಯ ಕಿಟಕಿಯ ತೆರೆದ ಕದದ ಹಿಂಬದಿಯಲ್ಲಿ, ಚೌಕಟ್ಟು ಗೋಡೆಯನ್ನು ಸೇರುವ ಮೂಲೆಯಲ್ಲಿ, ಬಿಳಿಯ ಅರಳೆಯ ಎಸಳನ್ನು ಅಂಟಿಸಿದಂತೆ ಏನೋ ಕಂಡಿತು. ಶಿಷ್ಯರ ಮಗಳು ತನ್ನ ಪೆಟ್ಟಿಗೆಯಿಂದ ಭೂತಗನ್ನಡಿಯನ್ನು ತಂದುಕೊಟ್ಟಳು. ಅದರ ಮೂಲಕ ನೋಡಿದರೆ ಅರಳೆಯಲ್ಲ, ಒತ್ತಾಗಿ ನೇಯ್ದ ನೂಲಿನ ಪುಟ್ಟ ಗೂಡು. ಅದರ ಸೀಳುಬಾಯಿಯಿಂದ ಎರಡು ದೊಡ್ಡ ಕಪ್ಪು ಕಣ್ಣುಗಳು ನಮ್ಮನ್ನೇ ನೆಟ್ಟು ನೋಡುತ್ತಿದ್ದವು.

ಅದು ಜಿಗಿಯುವ ಜೇಡ. ಸುಮಾರು ಒಂದು ಸೆಂಟಿಮೀಟರ್ ಉದ್ದದ ಕಂದು ಮೈ, ಬೆನ್ನಿನ ನಡುವೆ ಮಾಸಲು ಪಟ್ಟೆ, ಹೊಟ್ಟೆಯ ಹಿಂಭಾಗದಲ್ಲಿ ಬಿಳಿಯ ಎರಡು ಚುಕ್ಕೆಗಳು. ಉಷ್ಣದೇಶಗಳ ಮನೆಗಳಲ್ಲೆಲ್ಲ ಕಾಣಸಿಗುವ, ಶಾಸ್ತ್ರಜ್ಞರು ‘ಪ್ಲೆಕ್ಸಿಪಸ್’ ಎಂದು ಕರೆಯುವ ಕುಲದ ಹೆಣ್ಣು. ನಮ್ಮ ವಾಚಕರ ಮನೆಯ ಗೋಡೆಯ ಮೇಲೂ ಇದು ಇದ್ದೇ ಇರುತ್ತದೆ. ಬೆರಳು ಚಾಚಿದರೆ ಓಡದೆ ತಿರುಗಿ ನೋಡುವ, ಮರುಕ್ಷಣ ಟಣ್ಣನೆ ನೆಗೆದು ಮಾಯವಾಗುವ ಪುಟ್ಟ ಜೇಡವೇ ಇದು.

ಈ ಜೀವಿಯ ವಿಷಯವಾಗಿ ನಾಲ್ಕು ಮಾತುಗಳನ್ನು ಇಲ್ಲಿ ಹೇಳಬೇಕು. ಜೇಡಗಳ ಕುಟುಂಬಗಳಲ್ಲಿ ಜಿಗಿಯುವ ಜೇಡಗಳದೇ ಅತ್ಯಂತ ದೊಡ್ಡದು. ಜಗತ್ತಿನಲ್ಲಿ ಇದುವರೆಗೆ ಹೆಸರು ಪಡೆದಿರುವ ಪ್ರಭೇದಗಳೇ ೬,೦೦೦ಕ್ಕೂ ಮಿಕ್ಕಿವೆ. ಇವುಗಳಿಗೆ ಎಂಟು ಕಣ್ಣುಗಳು. ಮುಂದಿನ ಎರಡು ದೊಡ್ಡ ಕಣ್ಣುಗಳು ದೂರದರ್ಶಕದ ಕೊಳವೆಗಳಂತೆ ರಚಿತವಾಗಿ, ಇಷ್ಟು ಚಿಕ್ಕ ಪ್ರಾಣಿಗೆ ಸೋಜಿಗವೆನಿಸುವಷ್ಟು ಸ್ಪಷ್ಟವಾದ ನೋಟವನ್ನು ಕೊಡುತ್ತವೆ. ಉಳಿದ ಆರು ಕಣ್ಣುಗಳು ಸುತ್ತಲಿನ ಅಲುಗಾಟವನ್ನು ಗಮನಿಸುತ್ತವೆ. ಜಿಗಿತದ ಬಲವೂ ವಿಚಿತ್ರವಾದುದು. ಮಿಡತೆಯಂತೆ ದಪ್ಪ ತೊಡೆಗಳು ಇದಕ್ಕಿಲ್ಲ. ದೇಹದೊಳಗಿನ ದ್ರವವನ್ನು ಹಠಾತ್ತನೆ ಕಾಲುಗಳಿಗೆ ಒತ್ತಿ, ಮಡಿಸಿದ ಕಾಲು ನೆಟ್ಟಗಾಗುವ ರಭಸದಿಂದಲೇ ಹಾರುತ್ತದೆ. ಹಾರುವ ಮುನ್ನ ಒಂದು ಎಳೆ ನೂಲನ್ನು ನಿಂತ ಜಾಗಕ್ಕೆ ಅಂಟಿಸಿಕೊಂಡೇ ಹಾರುವುದರಿಂದ ಗುರಿ ತಪ್ಪಿದರೂ ನೆಲಕ್ಕೆ ಬೀಳುವುದಿಲ್ಲ. ನೊಣ, ಸೊಳ್ಳೆ, ಸಣ್ಣ ಪತಂಗಗಳೇ ಇದರ ಆಹಾರ. ಮನುಷ್ಯರಿಗೆ ಇದರಿಂದ ಅಪಾಯವಿಲ್ಲ.

ಕನ್ನಡದಲ್ಲಿ ‘ಜೇಡ’ ಎಂದರೆ ನೇಯ್ಗೆಯವನೆಂದೂ ಅರ್ಥ. ಜೇಡರ ದಾಸಿಮಯ್ಯನವರ ಹೆಸರಿನಲ್ಲಿರುವುದು ಆ ಅರ್ಥವೇ. ಆದರೆ ಈ ಜೇಡ ಬೇಟೆಗೆಂದು ಬಲೆ ನೇಯುವುದಿಲ್ಲ. ಬೆಕ್ಕಿನಂತೆ ಹೊಂಚಿ, ಅಳೆದು, ನೆಗೆದು ಹಿಡಿಯುತ್ತದೆ. ಅದರ ನೇಯ್ಗೆಯೆಲ್ಲ ವಾಸದ ಗೂಡಿಗೆ ಮತ್ತು ಸಂತಾನದ ತೊಟ್ಟಿಲಿಗೆ ಮೀಸಲು. ಪಡೀಲಿನ ಕಿಟಕಿಯಲ್ಲಿ ನಾವು ಕಂಡದ್ದು ಆ ತೊಟ್ಟಿಲನ್ನು.

ಕಾವಲು

ಅಂದಿನಿಂದ ನಾವೂ ಆ ಬಾಲೆಯೂ ಒಂದು ನಿಯಮ ಮಾಡಿಕೊಂಡೆವು. ಬೆಳಗ್ಗೆ ಪೂಜೆಯ ಬಳಿಕ ಒಮ್ಮೆ, ಸಂಜೆ ದೀಪ ಹಚ್ಚುವ ಮುನ್ನ ಒಮ್ಮೆ ನೋಡುವುದು. ಗೂಡನ್ನು ಮುಟ್ಟಕೂಡದು, ಊದಕೂಡದು. ದೀಪವನ್ನು ಎದುರಿಗೆ ಹಿಡಿಯದೆ ಪಕ್ಕದಿಂದ ಹಿಡಿಯಬೇಕು. ಕಂಡದ್ದನ್ನು ಆಕೆ ನೋಟುಪುಸ್ತಕದ ಎಡಪುಟದಲ್ಲಿ ಬರೆಯಬೇಕು. ನಮಗೆ ಅನ್ನಿಸಿದ್ದನ್ನು ಬಲಪುಟದಲ್ಲಿ ಬರೆಯಬೇಕು. ಈ ಕೊನೆಯ ನಿಯಮವನ್ನು ಮಾಡಿದವರು ನಾವೇ; ಅದನ್ನು ಮೊದಲು ಮುರಿದವರೂ ನಾವೇ ಎಂಬುದನ್ನು ಮುಂದೆ ಹೇಳುತ್ತೇವೆ.

ಗೂಡಿನೊಳಗೆ ಅವರೆಯ ಬೇಳೆಯಂತೆ ಚಪ್ಪಟೆಯಾದ ಇನ್ನೊಂದು ಪದರವಿತ್ತು. ಅದೇ ಮೊಟ್ಟೆಗಳ ಚೀಲ. ಈ ಕುಲದ ಜೇಡಗಳಲ್ಲಿ ಒಂದು ಚೀಲದೊಳಗೆ ಸಾಮಾನ್ಯವಾಗಿ ೩೫ರಿಂದ ೬೦ರವರೆಗೆ ಮೊಟ್ಟೆಗಳಿರುವುದುಂಟು. ತಾಯಿ ಅದರ ಮೇಲೆಯೇ ಮೈಚೆಲ್ಲಿ ಕುಳಿತಿರುತ್ತಿದ್ದಳು. ಮೊದಲ ಹತ್ತು ದಿನಗಳಲ್ಲಿ ನಾವು ನೋಡಿದಾಗಲೆಲ್ಲ ಆಕೆ ಅಲ್ಲಿಯೇ ಇದ್ದಳು. ನಮ್ಮ ಬೆರಳಿನ ನೆರಳು ಬಿದ್ದರೆ ಸೀಳುಬಾಯಿಗೆ ಬಂದು ಮುಂಗಾಲುಗಳನ್ನು ಎತ್ತಿ ನಿಲ್ಲುತ್ತಿದ್ದಳು. ಅಕ್ಟೋಬರ್ ೯ರ ಸಂಜೆ ಕಿರಿದಾದ ಕಪ್ಪಿರುವೆಗಳ ಸಾಲೊಂದು ಚೌಕಟ್ಟಿನಗುಂಟ ಏರಿ ಬಂತು. ಎರಡು ಇರುವೆಗಳು ಗೂಡಿನ ಅಂಚನ್ನು ಮೂಸತೊಡಗಿದಾಗ ತಾಯಿ ಒಳಗಿನಿಂದಲೇ ಎರಡು ಬಾರಿ ಮುನ್ನುಗ್ಗಿ ಹಿಂದೆ ಸರಿದಳು. ಇರುವೆಗಳು ದಾರಿ ಬದಲಿಸಿದವು. ಮರುದಿನ ಬೆಳಗ್ಗೆ ನೋಡಿದರೆ ಆ ಅಂಚಿನಲ್ಲಿ ನೂಲು ಇಮ್ಮಡಿಯಾಗಿತ್ತು. ರಾತ್ರಿಯಿಡೀ ಆಕೆ ಹೆಣೆದಿರಬೇಕು.

ಮೊಟ್ಟೆಯಿಟ್ಟ ತಾಯಿಗೆ ಇಷ್ಟು ಕಾವಲೇಕೆ? ಜೇಡದ ಮೊಟ್ಟೆಗಳು ಇರುವೆಗಳಿಗೆ ಆಹಾರ. ಕೆಲವು ಸಣ್ಣ ಕಣಜಗಳು ಆ ಚೀಲದೊಳಗೆ ತಮ್ಮ ಮೊಟ್ಟೆಗಳನ್ನಿಟ್ಟು ಹೋಗುತ್ತವೆ. ಅವುಗಳ ಮರಿಹುಳುಗಳು ಜೇಡದ ಮೊಟ್ಟೆಗಳನ್ನು ತಿಂದು ಬೆಳೆಯುತ್ತವೆ. ಕಾವಲಿಲ್ಲದ ಗೂಡು ಬರಿದಾಗಲು ಒಂದು ಹೊತ್ತು ಸಾಕು.

ಹಬ್ಬದ ಪೊರಕೆ

ದೀಪಾವಳಿ ಸಮೀಪಿಸಿತು. ಹಬ್ಬಕ್ಕೆ ಮುನ್ನ ಮನೆಯ ಮೂಲೆಮೂಲೆಗಳ ಬಲೆ ತೆಗೆದು ಗುಡಿಸುವುದು ನಮ್ಮ ಹೆಣ್ಣುಮಕ್ಕಳ ಸಂಪ್ರದಾಯವಷ್ಟೆ. ಅಕ್ಟೋಬರ್ ೧೬ರಂದು ಉದ್ದ ಕೋಲಿಗೆ ಪೊರಕೆ ಕಟ್ಟಿಕೊಂಡು ಆ ವೃದ್ಧ ತಾಯಿ ಜಗಲಿಗೆ ಬಂದರು. ನಾವು ಕೈಜೋಡಿಸಿ, ಆ ಕಿಟಕಿಯ ಮೂಲೆಯೊಂದನ್ನು ಎರಡು ವಾರ ಬಿಟ್ಟುಬಿಡಬೇಕೆಂದು ಬೇಡಿದೆವು.

“ಹಬ್ಬಕ್ಕ ಮೂಲಿ ಬಿಡೂದೇನ್ರೀ ಗುರುಗಳ? ಇವತ್ತ ಒಂದು ಬಿಟ್ರ ನಾಳೆ ಮನೀ ತುಂಬ ಆಗ್ತಾವು,” ಎಂದು ಅವರು ಅಚ್ಚರಿಪಟ್ಟರು. ಮೊಮ್ಮಗಳು ಭೂತಗನ್ನಡಿಯನ್ನು ಅಜ್ಜಿಯ ಕೈಗಿತ್ತಳು. ಅವರು ಬಹಳ ಹೊತ್ತು ನೋಡಿದರು. ಬಳಿಕ ಹಾವೇರಿಯ ಕಡೆಯ ತಮ್ಮ ಹೊಲದ ಬದುವಿನ ಜಾಲಿಗಿಡಗಳಲ್ಲಿ ಮಾಸಿದ ಬಟ್ಟೆ ಸುತ್ತಿದಂತೆ ಜೇಡಗಳ ದೊಡ್ಡ ಗೂಡುಗಳಿರುತ್ತಿದ್ದುವೆಂದೂ, ಒಂದೊಂದರಲ್ಲಿ ನೂರಾರು ಜೇಡಗಳು ಒಟ್ಟಿಗೆ ವಾಸಿಸುವುದನ್ನು ಬಾಲ್ಯದಲ್ಲಿ ಕಂಡಿದ್ದೆನೆಂದೂ ಹೇಳಿದರು. ಪೊರಕೆ ಆ ಮೂಲೆಯನ್ನು ಬಿಟ್ಟು ಮುಂದೆ ಸಾಗಿತು.

ಆ ತಾಯಿ ಹೇಳಿದ್ದು ನಮ್ಮ ಬಯಲುಸೀಮೆಯ ಸಮೂಹಜೇಡದ ಸಂಗತಿ. ಶಾಸ್ತ್ರಜ್ಞರ ‘ಸ್ಟೆಗೋಡೈಫಸ್ ಸರಸಿನೋರಮ್’. ಜಂಬುನಾಥನ್ ಎಂಬ ವಿದ್ವಾಂಸರು ೧೯೦೫ರಷ್ಟು ಹಿಂದೆಯೇ ಇದರ ಜೀವನಕ್ರಮವನ್ನು ಕುರಿತು ಬರೆದು ಪ್ರಕಟಿಸಿದ್ದರು. ಈ ಜೇಡಗಳಲ್ಲಿ ತಾಯಂದಿರು ತಾವು ಉಂಡು ಕರಗಿಸಿದ ಆಹಾರವನ್ನು ಬಾಯಿಂದ ಹೊರತಂದು ಮರಿಗಳಿಗೆ ಕುಡಿಸುತ್ತಾರೆ. ಕೊನೆಗೆ ತಮ್ಮ ದೇಹವನ್ನೇ ಮರಿಗಳಿಗೆ ಆಹಾರವಾಗಿ ಬಿಟ್ಟುಕೊಡುತ್ತಾರೆ. ನೆಲದ ಮೇಲೆ ಓಡಾಡುವ ತೋಳಜೇಡದ ಹೆಣ್ಣು ಮೊಟ್ಟೆಯ ಉಂಡೆಯನ್ನು ಹೊಟ್ಟೆಯ ತುದಿಗೆ ಕಟ್ಟಿಕೊಂಡು ತಿರುಗುತ್ತದೆ. ಮರಿಗಳು ಹೊರಬಂದ ಮೇಲೆ ಕೆಲವು ದಿನ ಅವೆಲ್ಲವನ್ನೂ ಬೆನ್ನ ಮೇಲೆ ಹೊತ್ತು ನಡೆಯುತ್ತದೆ. ಪೊರೆಯುವ ರೀತಿ ಒಂದೇ ಅಲ್ಲವೆಂಬುದಕ್ಕೆ ಇವು ನಿದರ್ಶನಗಳು.

ಎರಡು ಅವಸರಗಳು

ಅದೇ ರಾತ್ರಿ ಊಟವಾದ ಮೇಲೆ ವೃದ್ಧ ತಾಯಿ ನಮ್ಮೊಡನೆ ಮನೆಯ ಮಾತೊಂದನ್ನು ತೆಗೆದರು. ಸೊಸೆಯ ಹೆರಿಗೆ ರಜೆ ೨೬ ವಾರಗಳು ನವೆಂಬರ್ ೨ಕ್ಕೆ ಮುಗಿಯುವುವು. ಮರುದಿನ ಆಕೆ ಕೆಲಸಕ್ಕೆ ಹೋಗುವೆನೆನ್ನುತ್ತಾಳೆ. ಹಾಲು ಕುಡಿಯುವ ಕೂಸನ್ನು ಬಿಟ್ಟು ಹೋಗುವುದು ಸರಿಯೆ, ತಾವು ಹಿರಿಯರು ಒಂದು ಮಾತು ಹೇಳಬೇಕು ಎಂದರು. ಹದಿಮೂರು ದಿನ ಹಗಲಿರುಳು ಗೂಡು ಬಿಡದ ತಾಯಿಯನ್ನು ನೋಡಿದ ಗುಂಗಿನಲ್ಲಿದ್ದ ನಾವು ಹಿಂದುಮುಂದು ಯೋಚಿಸದೆ ಸೊಸೆಯನ್ನು ಕರೆದು, “ನೋಡಮ್ಮ, ಆ ಹುಳುವೇ ಮೊಟ್ಟೆ ಬಿಟ್ಟು ಅಲುಗದು. ತಾಯಿಯಾದವಳು ಕೂಸಿನ ಬಳಿಯಿರುವುದೇ ಒಳಿತಲ್ಲವೆ?” ಎಂದುಬಿಟ್ಟೆವು. ಆಕೆ ತಲೆತಗ್ಗಿಸಿ ಒಳಗೆ ಹೋದರು. ಇದು ನಮ್ಮ ಮೊದಲ ಅವಸರ.

ಮರುದಿನ ಬೆಳಗ್ಗೆ ಬಾಲೆ ಓಡಿ ಬಂದು, “ಅಜ್ಜಾ, ಗೂಡಿನ್ಯಾಗ ಅವ್ವ ಇಲ್ಲ! ಬಿಟ್ಟು ಹೋಗ್ಯಾಳ!” ಎಂದು ಕಣ್ಣೀರಿಟ್ಟಳು. ನೋಡಿದೆವು. ನಿಜವೇ. ಸೀಳುಬಾಯಿ ತೆರೆದಿತ್ತು, ಗೂಡು ಬರಿದಾಗಿ ತೋರಿತು. ನೋಟುಪುಸ್ತಕದ ಎಡಪುಟದಲ್ಲಿಯೇ ‘ತಾಯಿ ಗೂಡು ತೊರೆದಳು’ ಎಂದು ಬರೆಯಲು ನಾವು ಆಕೆಗೆ ಹೇಳಿದೆವು. ಇದು ಎರಡನೆಯ ಅವಸರ. ‘ತಾಯಿ ಕಾಣಲಿಲ್ಲ’ ಎಂಬುದಷ್ಟೇ ಎಡಪುಟಕ್ಕೆ ಸಲ್ಲುವ ಮಾತು. ‘ತೊರೆದಳು’ ಎಂಬುದು ಬಲಪುಟದ್ದು.

ಹತ್ತು ಗಂಟೆಯ ಹೊತ್ತಿಗೆ ಜಗಲಿಯ ವಿದ್ಯುದ್ದೀಪದ ಬಳಿ, ರಾತ್ರಿ ಬಂದು ಗೋಡೆಗೆ ಅಂಟಿ ಕುಳಿತಿದ್ದ ಪತಂಗವೊಂದರ ಹಿಂದೆ ಅಂಗುಲ ಅಂಗುಲವಾಗಿ ಸರಿಯುತ್ತಿದ್ದ ಜೇಡವನ್ನು ಕಂಡೆವು. ಬೆನ್ನ ಪಟ್ಟೆ, ಎರಡು ಚುಕ್ಕೆಗಳು, ಹತ್ತು ದಿನಗಳ ಉಪವಾಸದಿಂದ ಕುಗ್ಗಿದ ಹೊಟ್ಟೆ. ನೆಗೆದಳು, ಹಿಡಿದಳು. ಜೇಡಗಳು ಅಗಿದು ತಿನ್ನುವುದಿಲ್ಲ. ಜೀರ್ಣರಸವನ್ನು ಬೇಟೆಯೊಳಗೆ ಬಿಟ್ಟು ಕರಗಿದ ದ್ರವವನ್ನು ಹೀರುತ್ತವೆ. ಹಾಗೆ ಹೀರಿ ಮುಗಿಸಲು ಆಕೆಗೆ ಬಹಳ ಹೊತ್ತು ಹಿಡಿಯಿತು. ಬಳಿಕ ಗೋಡೆಯ ಮೇಲೆ ಸುತ್ತಾಡದೆ ನೇರವಾಗಿ ಕಿಟಕಿಯ ಕದದ ಕಡೆಗೆ ನಡೆದಳು. ಮಧ್ಯಾಹ್ನದ ಪ್ರಸಾದಕ್ಕೆ ಏಳುವ ಮುನ್ನ ನೋಡಿದಾಗ ಸೀಳುಬಾಯಿಯಲ್ಲಿ ಆ ಎರಡು ಕಣ್ಣುಗಳು ಮತ್ತೆ ಇದ್ದವು. ಬಾಲೆ ಎಡಪುಟದ ಸಾಲನ್ನು ಹೊಡೆದುಹಾಕಿ, ‘ತಾಯಿ ಬೇಟೆಗೆ ಹೋಗಿದ್ದಳು, ಬಂದಳು’ ಎಂದು ಬರೆದಳು.

ಆ ಸಂಜೆ ನಾವು ಅತ್ತೆಯ ಎದುರಿಗೇ ಸೊಸೆಯನ್ನು ಕರೆದು, ನಿನ್ನೆಯ ನಮ್ಮ ಮಾತು ಅವಸರದ್ದೆಂದೂ ಅದನ್ನು ಹಿಂತೆಗೆದುಕೊಳ್ಳುತ್ತೇವೆಂದೂ ಹೇಳಿ, ಜೇಡ ಬೇಟೆಗೆ ಹೋಗಿ ಮರಳಿದ ಕಥೆಯನ್ನು ಹೊಸ ದೃಷ್ಟಾಂತವನ್ನಾಗಿ ವಿವರಿಸತೊಡಗಿದೆವು. ಆಕೆ ಸೌಜನ್ಯದಿಂದಲೇ ತಡೆದರು: “ಗುರುಗಳ, ಜೇಡ ಹೊರಗ ಹೋತು ಅಂತ ನಾ ಹೋಗೂದಲ್ರಿ. ಅದು ಗೂಡಿನ್ಯಾಗ ಕುಂತ್ರ ನಾನೂ ಕುಂದ್ರಬೇಕು ಅಂತನೂ ಅಲ್ಲ. ಆದ್ರ ಅದು ತಿರುಗಿ ಬರೂತನಕ ನೀವು ಕಾದು ನೋಡಿದ್ರಲ್ಲ, ನಮಗೂ ಅಷ್ಟು ಕಾದು ನೋಡ್ರಿ, ಸಾಕು.”

ನಾವು ನಿರುತ್ತರರಾದೆವು. ಶಾಸ್ತ್ರ ಓದಿದವರಿಗೆ ದೃಷ್ಟಾಂತದ ಚಪಲ ಹೆಚ್ಚು. ನಿನ್ನೆ ಒಂದು ಹುಳುವನ್ನು ತೋರಿಸಿ ಇರು ಎಂದೆವು; ಇಂದು ಅದೇ ಹುಳುವನ್ನು ತೋರಿಸಿ ಹೋಗು ಎನ್ನಹೊರಟೆವು. ಎರಡು ಸಲವೂ ಆ ಮನೆಯನ್ನು ನಾವು ನೋಡಿರಲಿಲ್ಲ.

ಆಮೇಲೆ ನೋಡಿದೆವು, ಕೇಳಿದೆವು. ಶಿಷ್ಯರ ಒಬ್ಬರ ಸಂಬಳದಲ್ಲಿ ಬಾಡಿಗೆ, ಮಗಳ ಶಾಲೆ, ತಾಯಿಯ ಔಷಧಿ ಇವು ಮೂರೂ ನಡೆಯುವುದು ಕಷ್ಟವಿತ್ತು. ಸೊಸೆ ವೃತ್ತಿಯಲ್ಲಿ ಪಳಗಿದವರು. ಕೂಸಿಗೆ ಆರು ತಿಂಗಳವರೆಗೆ ತಾಯಿಯ ಹಾಲಲ್ಲದೆ ಬೇರೇನನ್ನೂ ಕೊಡದೆ ಕಾದವರು. ಆರು ತಿಂಗಳ ಬಳಿಕ ಮೆತ್ತಗಿನ ಆಹಾರವನ್ನು ಆರಂಭಿಸಿ, ಎರಡು ವರ್ಷ ಅಥವಾ ಅದಕ್ಕೂ ಮಿಕ್ಕಿ ತಾಯಿಯ ಹಾಲನ್ನು ಮುಂದುವರಿಸಬೇಕೆಂಬ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯನ್ನು ಆಕೆಯೇ ನಮಗೆ ತಿಳಿಸಿದರು. ಹಾಲನ್ನು ಹಿಂಡಿ ಶುಚಿಯಾಗಿ ತಂಪಿನಲ್ಲಿ ಇಡುವ ಕ್ರಮವನ್ನು ಅತ್ತೆಗೆ ಕಲಿಸಲು ಆಗಲೇ ಸಿದ್ಧತೆ ಮಾಡಿದ್ದರು. ೧೯೬೧ರ ಹೆರಿಗೆ ಸೌಲಭ್ಯ ಕಾಯಿದೆಗೆ ೨೦೧೭ರಲ್ಲಿ ಆದ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ ೨೬ ವಾರಗಳ ಸಂಬಳಸಹಿತ ರಜೆ ದೊರೆಯುವಂತಾಯಿತು. ೫೦ ಅಥವಾ ಹೆಚ್ಚು ಮಂದಿ ದುಡಿಯುವ ಕಡೆ ಶಿಶುಪಾಲನೆಯ ಕೊಠಡಿ ಇರಬೇಕೆಂಬ ವಿಧಿಯೂ ಬಂತು. ಮಗುವಿಗೆ ೧೫ ತಿಂಗಳಾಗುವವರೆಗೆ ಹಾಲೂಡಿಸಲು ದಿನಕ್ಕೆ ಎರಡು ಬಿಡುವುಗಳನ್ನು ಮೂಲ ಕಾಯಿದೆಯೇ ಕೊಟ್ಟಿತ್ತು. ಈ ಸಂಗತಿಗಳು ನಮ್ಮ ಸಮಾಜದ ಎಷ್ಟೋ ಮನೆಗಳಿಗೆ ತಿಳಿಯವು. ತಿಳಿದಿದ್ದರೆ ಎಷ್ಟೋ ಮನಸ್ತಾಪಗಳು ತಪ್ಪುತ್ತಿದ್ದುವು.

ಜೇಡದ ಹಾಲು

ನೀರು ತುಂಬುವ ಹಬ್ಬದ ಸಂಜೆ ಗೂಡಿನೊಳಗೆ ಅಲುಗಾಟ ಕಂಡಿತು. ಅಕ್ಕಿಯ ನುಚ್ಚಿಗಿಂತ ಕಿರಿದಾದ, ಹಾಲುಬಣ್ಣದ ಮರಿಗಳು ತೆಳುನೂಲಿನ ಹಿಂದೆ ಒಂದರ ಮೇಲೊಂದು ಒತ್ತಿಕೊಂಡಿದ್ದವು. ತಾಯಿ ಅವುಗಳ ಮೇಲೆ ಬಾಗಿದ್ದಳು. ವೃದ್ಧ ತಾಯಿ ಕಿಟಕಿಯ ಅಡ್ಡಪಟ್ಟಿಯ ಮೇಲೆ ಹಣತೆಗಳನ್ನು ಸಾಲಾಗಿ ಇಡುತ್ತ ಬಂದವರು, ಆ ಮೂಲೆಯ ಹಣತೆಯನ್ನು ತಾವೇ ಒಂದು ಗೇಣು ಈಚೆಗೆ ಸರಿಸಿದರು.

ಬಾಲೆ ಕೇಳಿದಳು: “ಅಜ್ಜಾ, ಮರಿಗೋಳು ಏನ್ ತಿಂತಾವು?” ನಾವು ಕೂಡಲೇ, “ತಾಯಿ ಹಾಲು ಕೊಡುತ್ತಾಳೆ” ಎಂದೆವು. ಇದೂ ಪೂರ್ತಿ ಸುಳ್ಳಲ್ಲ, ಆದರೆ ಆ ಗೂಡಿನ ಸತ್ಯವೂ ಅಲ್ಲ. ನಮ್ಮ ಮನಸ್ಸಿನಲ್ಲಿದ್ದುದು ಚೀನಾ ದೇಶದ ಶೋಧ.

ಆ ಶೋಧ ನಿಜವಾಗಿಯೂ ಅದ್ಭುತವಾದುದು. ಯುನ್ನಾನ್ ಪ್ರಾಂತದ ಉಷ್ಣವಲಯ ಸಸ್ಯೋದ್ಯಾನದ ಛೆನ್ ಝಾನ್‌ಛಿ ಮತ್ತು ಅವರ ಸಂಗಡಿಗರು ೨೦೧೮ರ ನವೆಂಬರಿನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅದನ್ನು ಪ್ರಕಟಿಸಿದರು. ‘ಟಾಕ್ಸಿಯಸ್ ಮ್ಯಾಗ್ನಸ್’ ಎಂಬ, ಇರುವೆಯ ರೂಪವನ್ನು ಅನುಕರಿಸುವ ಜಿಗಿಯುವ ಜೇಡವೊಂದರ ಮರಿಗಳು ಹುಟ್ಟಿದ ೨೦ ದಿನಗಳವರೆಗೆ ಗೂಡು ಬಿಟ್ಟು ಹೊರಬರವು. ತಾಯಿ ಗೂಡಿಗೆ ಆಹಾರ ತರುವುದೂ ಕಾಣದು. ಆದರೂ ಮರಿಗಳು ಬೆಳೆಯುತ್ತವೆ. ಹೇಗೆ? ಸೂಕ್ಷ್ಮವಾಗಿ ನೋಡಿದಾಗ ತಾಯಿಯ ಹೊಟ್ಟೆಯ ಅಡಿಯ ಸೀಳಿನಿಂದ, ಮೊಟ್ಟೆಗಳು ಹೊರಬರುವ ಸ್ಥಾನದಿಂದ, ಬಿಳಿಯ ದ್ರವ ಒಸರುವುದು ಕಂಡಿತು. ಮೊದಲ ವಾರ ಆ ದ್ರವದ ಹನಿಗಳು ಗೂಡಿನ ಮೇಲ್ಮೈಯಲ್ಲಿ ಬಿದ್ದಿರುತ್ತವೆ, ಮರಿಗಳು ನೆಕ್ಕುತ್ತವೆ. ಅನಂತರ ತಾಯಿಯ ಮೈಗೇ ಬಾಯಿಟ್ಟು ಕುಡಿಯುತ್ತವೆ. ಅದರಲ್ಲಿನ ಪ್ರೋಟೀನಿನ ಅಂಶ ಆಕಳ ಹಾಲಿನಲ್ಲಿರುವುದರ ಸುಮಾರು ನಾಲ್ಕರಷ್ಟು. ಆ ಹಾಲನ್ನು ಮೊದಲಿನಿಂದಲೇ ತಡೆದಾಗ ಮರಿಗಳು ಬದುಕಲಿಲ್ಲ. ೨೦ ದಿನಗಳ ಬಳಿಕ ಮರಿಗಳು ತಾವೇ ಬೇಟೆಗೆ ಹೊರಡುತ್ತವೆ, ಆದರೂ ಗೂಡಿಗೆ ಮರಳಿ ಸುಮಾರು ೪೦ನೆಯ ದಿನದವರೆಗೂ ಹಾಲು ಕುಡಿಯುತ್ತವೆ. ತಾಯಿ ಆ ಅವಧಿಯಲ್ಲಿ ಗೂಡನ್ನು ದುರಸ್ತಿ ಮಾಡುತ್ತಾಳೆ. ಮರಿಗಳು ಕಳಚಿದ ಪೊರೆಗಳನ್ನು ಹೊರಹಾಕುತ್ತಾಳೆ. ಹಾಲು ಮತ್ತು ಪಾಲನೆ ಎರಡೂ ದೊರೆತ ಗೂಡುಗಳಲ್ಲಿ ನೂರಕ್ಕೆ ೭೬ರಷ್ಟು ಮರಿಗಳು ಪ್ರಾಯಕ್ಕೆ ಬಂದವೆಂದು ಲೆಕ್ಕ ಸಿಕ್ಕಿತು. ಪ್ರಾಯಕ್ಕೆ ಬಂದ ಹೆಣ್ಣುಮಕ್ಕಳಿಗೆ ಗೂಡಿನಲ್ಲಿ ಜಾಗವುಂಟು. ಗಂಡುಮಕ್ಕಳು ಮರಳಿ ಬಂದರೆ ತಾಯಿ ಅಟ್ಟುತ್ತಾಳೆ. ಹಾಲೂಡಿಕೆಯೆಂಬುದು ಸ್ತನಿಗಳಿಗೆ ಮಾತ್ರ ಮೀಸಲೆಂಬ ಎಣಿಕೆಯನ್ನು ಮರುಪರಿಶೀಲಿಸುವಂತೆ ಮಾಡಿದ ಶೋಧವಿದು.

ಇರುವೆಯ ವೇಷದ ಜಿಗಿಯುವ ಜೇಡಗಳು ನಮ್ಮ ಕರಾವಳಿಯಲ್ಲಿಯೂ ಇವೆ. ಮಾವು, ಗೇರು ಮರಗಳ ಎಲೆಗಳನ್ನು ಹೊಲಿದು ಗೂಡು ಕಟ್ಟುವ ಕೆಂಪಿರುವೆಗಳ ನಡುವೆ, ಅವುಗಳಂತೆಯೇ ಕಾಣುವ ‘ಮಿರ್ಮಪ್ಲೇಟಾ’ ಕುಲದ ಜೇಡ ತಿರುಗಾಡುತ್ತಿರುತ್ತದೆ. ಆದರೆ ವೇಷ ಒಂದೇ ಎಂದ ಮಾತ್ರಕ್ಕೆ ತಾಯ್ತನವೂ ಒಂದೇ ಎನ್ನಲಾಗದು. ನಮ್ಮ ಕಿಟಕಿಯ ಜೇಡವಂತೂ ಆ ಬಗೆಯದೇ ಅಲ್ಲ. ಎಂಟು ದಿನ ನಾವು ಭೂತಗನ್ನಡಿ ಹಿಡಿದು ನೋಡಿದರೂ ಹಾಲಿನ ಹನಿಯನ್ನಾಗಲಿ, ಮರಿಗಳು ತಾಯಿಗೆ ಬಾಯಿಡುವುದನ್ನಾಗಲಿ ಕಾಣಲಿಲ್ಲ. ಹೊಸದಾಗಿ ಒಡೆದ ಜೇಡಮರಿಗಳು ಮೊಟ್ಟೆಯಿಂದ ತಂದ ಭಂಡಾರದ ಮೇಲೆಯೇ ಕೆಲಕಾಲ ಜೀವಿಸುತ್ತವೆ. ಪೊರೆ ಕಳಚಿ ಬಲಿತ ಮೇಲೆ ಹೊರಟುಹೋಗುತ್ತವೆ. ಅಲ್ಲಿಯವರೆಗೆ ತಾಯಿ ಕೊಡುವುದು ಹಾಲನ್ನಲ್ಲ, ಕಾವಲನ್ನು. ನಾವು ಬಾಲೆಯನ್ನು ಕೂರಿಸಿಕೊಂಡು, “ಅಜ್ಜ ಹೇಳಿದ್ದು ತಪ್ಪು, ಹಾಲು ಕೊಡುವುದು ಬೇರೆ ದೇಶದ ಬೇರೆ ಜೇಡ” ಎಂದು ತಿದ್ದಿದೆವು. ಆಕೆ ಬಲಪುಟದಲ್ಲಿ ಬರೆದಿದ್ದುದನ್ನು ನಗುತ್ತ ಹೊಡೆದುಹಾಕಿದಳು.

ಬಿಟ್ಟುಕೊಡುವುದು

ಅಕ್ಟೋಬರ್ ೨೭ರ ಬೆಳಗ್ಗೆ ಗೂಡಿನ ಬಾಯಿಯಿಂದ ಮೊದಲ ಮರಿ ಹೊರಬಂತು. ಪೊರೆ ಕಳಚಿದ ಮೈ ಈಗ ಕಂದುಬಣ್ಣ ತಳೆದಿತ್ತು. ಎಳ್ಳಿನಷ್ಟು ಜೀವ, ಆದರೂ ನಿಂತು, ಸುತ್ತ ನೋಡಿ, ನೂಲನ್ನು ಅಂಟಿಸಿ, ಅರ್ಧ ಅಂಗುಲ ನೆಗೆಯಿತು. ಮೂರು ದಿನಗಳಲ್ಲಿ ಒಂದೊಂದಾಗಿ ಎಲ್ಲವೂ ಹೊರಟವು. ಬಾಲೆಯ ಎಣಿಕೆಗೆ ಸಿಕ್ಕವು ೨೩. ನಾವು ಮಲಗಿದ್ದಾಗ ಹೋದವೆಷ್ಟೋ ಎಣಿಕೆಗೆ ಬರಲಿಲ್ಲ. ಕೆಲವು ಕದದ ಮೇಲೆ ಹೋದವು, ಕೆಲವು ಗೋಡೆಯ ಮೇಲೆ. ಒಂದು ನಮ್ಮ ಕುರ್ಚಿಯ ತೋಳಿನ ಮೇಲೆ ಬಂದು ಕುಳಿತಿತು.

ತಾಯಿ ಅವುಗಳನ್ನು ಹಿಂಬಾಲಿಸಲಿಲ್ಲ, ತಡೆಯಲೂ ಇಲ್ಲ. ೩೦ರ ಸಂಜೆ ಗೂಡು ಬರಿದಾಗಿತ್ತು; ಒಳಗೆ ಕಳಚಿದ ಪೊರೆಗಳಷ್ಟೇ ಬೆಳ್ಳಗೆ ಉಳಿದಿದ್ದವು. ಆಕೆ ಗೋಡೆಯ ಮೇಲೆ ನೊಣವೊಂದನ್ನು ಹೊಂಚುತ್ತಿದ್ದಳು. ಇಲ್ಲೊಂದು ಮಾತನ್ನು ಮರೆಮಾಚಬಾರದು. ಜಿಗಿಯುವ ಜೇಡಗಳು ತಮಗಿಂತ ಚಿಕ್ಕ ಜೇಡಗಳನ್ನೂ ಹಿಡಿದು ತಿನ್ನುತ್ತವೆ. ಗೂಡಿನೊಳಗೆ ಹದ್ದಿನ ಕಣ್ಣಿಟ್ಟು ಕಾದ ತಾಯಿಯೇ ಹೊರಗಿನ ಗೋಡೆಯ ಮೇಲೆ ಬೇಟೆಗಾತಿ. ಮರಿಗಳು ದೂರ ಹೋಗುವುದೇ ಅವಕ್ಕೆ ಕ್ಷೇಮ. ಆ ತಾಯ್ತನಕ್ಕೆ ಒಂದು ಅವಧಿಯುಂಟು. ಅವಧಿ ಮುಗಿದಂದು ಅದು ಮುಗಿಯುತ್ತದೆ. ಮನುಷ್ಯರ ತಾಯ್ತನ ಹಾಗಲ್ಲ. ಎಪ್ಪತ್ತು ದಾಟಿದ ಆ ವೃದ್ಧ ತಾಯಿ ಈಗಲೂ ಮಗ ಬರುವವರೆಗೆ ಜಗಲಿಯ ದೀಪ ಆರಿಸುವುದಿಲ್ಲ. ಆದುದರಿಂದ ಹುಳುವಿನಿಂದ ಮನುಷ್ಯರಿಗೆ, ಅದರಲ್ಲಿಯೂ ಹೆಣ್ಣುಮಕ್ಕಳಿಗೆ, ಕಟ್ಟಳೆಗಳನ್ನು ತೆಗೆಯುವುದು ಸಲ್ಲದು. ಹುಳು ನಮಗೆ ಕಲಿಸುವುದು ಒಂದನ್ನೇ: ಕಾದು ನೋಡುವುದನ್ನು. ಪೂರ್ತಿ ನೋಡುವ ಮೊದಲು ಹೆಸರಿಡಬೇಡ, ತೀರ್ಪು ಕೊಡಬೇಡ ಎಂಬುದನ್ನು.

ನವೆಂಬರ್ ೩, ಸೋಮವಾರ. ಸೊಸೆ ಬೆಳಗ್ಗೆ ಕೂಸಿಗೆ ಹಾಲೂಡಿಸಿ, ಅತ್ತೆಯ ತೊಡೆಯ ಮೇಲಿಟ್ಟು, ಸಮವಸ್ತ್ರದ ಚೀಲ ಹಿಡಿದು ಅಂಗಳಕ್ಕಿಳಿದರು. ಕೂಸು ಅತ್ತಿತು. ಅತ್ತೆಯ ಕಣ್ಣೂ ಒದ್ದೆಯಾಗಿತ್ತು. ಆದರೂ ಆಕೆ ಬಾಗಿಲಿಗೆ ಬಂದು, “ಹೋಗಿ ಬಾರವ್ವ. ಹೊತ್ತಿಗೆ ಸರಿಯಾಗಿ ಕುಡಸ್ತೇನಿ,” ಎಂದರು. ‘ಹೋಗು’ ಎನ್ನಲಿಲ್ಲ, ‘ಹೋಗಿ ಬಾ’ ಎಂದರು. ನಮ್ಮ ನುಡಿಯಲ್ಲಿ ಹೊರಡುವವರಿಗೆ ಹೇಳುವ ಮಾತೇ ಅದು. ಮರಳುವಿಕೆ ಅದರೊಳಗೇ ಇದೆ. ಸಂಜೆ ಐದೂವರೆಗೆ ಆಕೆ ಮರಳಿದಾಗ ಕೂಸು ಅಜ್ಜಿಯ ಹೆಗಲ ಮೇಲೆ ನಿದ್ದೆ ಹೋಗಿತ್ತು.

ಇನ್ನು ನಮ್ಮ ಕುಟುಂಬಗಳ ಮಕ್ಕಳಿಗೆ ಎರಡು ಮಾತು. ಇಂತಹ ಅವಲೋಕನಕ್ಕೆ ಅರಣ್ಯಕ್ಕೆ ಹೋಗಬೇಕಿಲ್ಲ, ದೊಡ್ಡ ಉಪಕರಣಗಳೂ ಬೇಕಿಲ್ಲ. ಒಂದು ಭೂತಗನ್ನಡಿ, ಒಂದು ನೋಟುಪುಸ್ತಕ, ತಪ್ಪದ ಹೊತ್ತು, ಮುಟ್ಟದ ಕೈ, ಇಷ್ಟು ಸಾಕು. ನಮ್ಮ ನಾಡಿನಲ್ಲಿ ನೋಡುವವರಿಗಾಗಿ ಕಾದಿರುವುದು ಇನ್ನೂ ಬಹಳವಿದೆ. ೨೦೨೪ರಲ್ಲಿ ಶಾಸ್ತ್ರಜ್ಞರು ಜಿಗಿಯುವ ಜೇಡಗಳ ಹೊಸ ಕುಲವೊಂದನ್ನು ಗುರುತಿಸಿ, ಕನ್ನಡದ ಶಬ್ದವನ್ನೇ ಬಳಸಿ ‘ತೆಂಕಣ’ ಎಂದು ಹೆಸರಿಟ್ಟರು. ಅದರ ಒಂದು ಪ್ರಭೇದಕ್ಕೆ ತುಮಕೂರು ಸೀಮೆಯ ಜಯಮಂಗಲಿ ನದಿಯ ಹೆಸರು ಬಂತು. ೨೦೨೫ರಲ್ಲಿ ಚಿಕ್ಕಮಗಳೂರು ಜಿಲ್ಲೆಯ ಮಧುಗುಂಡಿಯಲ್ಲಿ ದೊರೆತ ಇನ್ನೊಂದು ಜಿಗಿಯುವ ಜೇಡಕ್ಕೆ ‘ಮಲೆನಾಡು’ ಎಂಬ ಹೆಸರನ್ನೇ ಇಡಲಾಯಿತು. ಇವುಗಳ ಮರಿಸಾಕಣೆಯನ್ನು ದಿನದಿನವೂ ಕುಳಿತು ನೋಡಿ ಬರೆಯುವ ಕೆಲಸ ನಮ್ಮ ಮಕ್ಕಳಿಗೆ ಕಾದಿದೆ.

ಹಬ್ಬಕ್ಕೆ ಮನೆ ಗುಡಿಸುವ ತಾಯಂದಿರಲ್ಲಿಯೂ ಒಂದು ಬಿನ್ನಹ. ಬಲೆ ತೆಗೆಯಿರಿ; ಮನೆ ಶುಚಿಯಾಗಿರಲಿ. ಆದರೆ ಬಿಳಿಯ ಗೂಡಿನ ಬಾಯಿಯಲ್ಲಿ ಎರಡು ಕಣ್ಣುಗಳು ನಿಮ್ಮನ್ನು ನೋಡುತ್ತಿದ್ದರೆ ಆ ಮೂಲೆಯೊಂದನ್ನು ಮೂರು ನಾಲ್ಕು ವಾರ ಬಿಡಿ. ಆಮೇಲೆ ಅದು ತಾನೇ ಬರಿದಾಗುತ್ತದೆ. ಪಡೀಲಿನ ಆ ಮನೆಯಲ್ಲಿ ಅಜ್ಜಿ ನವೆಂಬರ್ ೪ರಂದು ಆ ಮೂಲೆಯನ್ನೂ ಗುಡಿಸಿದರು. ಬರಿದಾದ ಗೂಡನ್ನು ಮೊಮ್ಮಗಳು ಜತನದಿಂದ ಬಿಡಿಸಿ, ನೋಟುಪುಸ್ತಕದ ಎಡಪುಟದಲ್ಲಿ ಅಂಟಿಸಿಕೊಂಡಳು. ಬಲಪುಟವನ್ನು ಖಾಲಿ ಬಿಟ್ಟಿದ್ದಾಳೆ.